ಸೂತಕದ ಮನೆಗೆ ಹೋದ ಮೆಸೇಜು

ಪಡಸಾಲೆಯಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಕೊನೆಮನೆಯಾಕೆ ಬಾಗಿಲಲ್ಲೇ ನಿಂತು, "ಏನ್ರೀ ಅಕ್ಕಾರ, ಮೂಲಿಮನಿಯಾಕಿ ಗಂಡ ಸತ್ತು ಮೂರ ದಿನಾ ಆಗಿಲ್ಲ, ಆಕೀಗೆ ನಾಳೆ ನೈವೇದ್ಯ ತಗೊಂಡು ಬಾ ಅಂತ ಮೆಸೇಜ್ ಹೋಗೇತಿ! ನಿಮ್ಮ ಸೊಸಿ ಕಂಪ್ಯೂಟರ್ ಭಾಳ ಶಾಣ್ಯಾ ಐತಿ ಬಿಡ್ರಿ," ಎಂದಳು.

ನಾವು ಗಜೇಂದ್ರಗಡದ ನೇಕಾರರು. ಓಣಿಯ ಅಮ್ಮನ ಗುಡಿಗೆ ದಿನಕ್ಕೊಂದು ಮನೆಯಿಂದ ನೈವೇದ್ಯ ಹೋಗಬೇಕು. ಮನೆ ಮನೆಗೆ ನಡೆದು ಪಾಳಿ ನೆನಪಿಸುವುದು ನನ್ನ ಸೇವೆಯಾಗಿತ್ತು. ಮೊಣಕಾಲು ಸೋತ ಮೇಲೆ, ತಾನಾಗಿ ಮೆಸೇಜು ಕಳಿಸುವ ಸಣ್ಣ ಪ್ರೋಗ್ರಾಮನ್ನು ಸೊಸೆ ಬರೆದುಕೊಟ್ಟಳು. ಸೂತಕದ ಮನೆಯನ್ನು ಬಿಟ್ಟು ಮುಂದಿನ ಮನೆಗೆ ಹೋಗಬೇಕೆಂಬ ನಿಯಮ ಸೇರಿಸಲು ಹೇಳಿದವಳೂ ನಾನೇ.

ಸೊಸೆ ಮಗ್ಗದ ಪಕ್ಕದ ಕೋಣೆಯಲ್ಲಿ ಕೂತು ಕಂಪನಿಯೊಂದಕ್ಕೆ ವೈಟ್ ಬಾಕ್ಸ್ ಟೆಸ್ಟಿಂಗ್ ಮಾಡುತ್ತಾಳೆ. ಒಮ್ಮೆ ನನಗೆ ಬಿಡಿಸಿ ಹೇಳಿದ್ದಳು: "ಹೊರಗ ಬಂದ ಉತ್ತರ ಅಷ್ಟ ನೋಡಿದ್ರ ಸಾಲೂದಿಲ್ರಿ ಅತ್ತಿ. ಪ್ರೋಗ್ರಾಮಿನ ಒಳಗ ಬರ್ದಿದ್ದನ್ನ ಓದಬೇಕು. ಹಿಂಗಿದ್ರ ಈ ಕಡೆ, ಇಲ್ಲಂದ್ರ ಆ ಕಡೆ ಅಂತ ಎಷ್ಟು ದಾರಿ ಒಡದಾವೋ, ಅಷ್ಟೂ ದಾರಿ ಒಂದೊಂದ್ಸಲ ನಡಿಸಿ ನೋಡಬೇಕು."

ನಮ್ಮ ನೈವೇದ್ಯದ ಪ್ರೋಗ್ರಾಮಿನಲ್ಲೂ ಎಲ್ಲ ದಾರಿ ನೋಡಿದ್ದಳು. ಸೂತಕದ್ದೊಂದು ಉಳಿದಿತ್ತು. ಅದನ್ನು ನಡೆಸಿ ನೋಡಲು ಯಾವುದಾದರೂ ಮನೆಯ ಹೆಸರಿನ ಮುಂದೆ ಸಾವಿನ ಗುರುತು ಹಾಕಬೇಕು. ನಮ್ಮ ಮನೆಗೇ ಹಾಕಹೊರಟಾಗ ನಾನು ಅವಳ ಕೈ ಹಿಡಿದೆ.

"ಮುತ್ತೈದಿ ಇದ್ದೀ, ಬದುಕಿದ್ದವ್ರ ಮನಿಗೆ ಸೂತಕ ಬರೀತಿಯೇನ? ಶುಕ್ರವಾರ ಬ್ಯಾರೆ!"

"ಸುಳ್ಳ ಹೆಸರು ಹಾಕ್ತೀನ್ರಿ."

"ಯಾವ ಹೆಸರೂ ಬ್ಯಾಡ."

ಆ ದಾರಿ ನೋಡದೆಯೇ ಬಿಟ್ಟಳು. ಇನ್ನು ಪಾಳಿ ಮೆಸೇಜಿನಲ್ಲೇ ಬರುತ್ತದೆಂದು ಓಣಿಗೆಲ್ಲ ನಾನೇ ಡಂಗುರ ಹೊಡೆದು ಬಂದೆ.

ಆ ದಿನ, ಮೆಸೇಜಿನ ಸುದ್ದಿ ತಂದ ಕೊನೆಮನೆಯಾಕೆಯ ಮುಂದೆ ನನ್ನ ಬಾಯಿಂದ ಬಂದದ್ದೇನು? "ಈಗಿನ ಹುಡುಗ್ಯಾರಿಗೆ ಸೂತಕ ಅಂದ್ರ ಏನ ಗೊತ್ತವ್ವ!" ಕೋಣೆಯ ಬಾಗಿಲು ತೆರೆದೇ ಇತ್ತು. ಸೊಸೆ ಹೊರಬಂದು, "ಆಕೀ ಮನಿಗೆ ಗುರುತು ಹಾಕಿದ್ದೆ, ಆದ್ರ ಒಳಗ ಉಲ್ಟಾ ಬರ್ದಿದ್ದೆ, ಮುಂದಿನ ಮನಿಗೆ ಹೋಗೂ ಬದ್ಲಿ ಅದ ಮನಿಗೆ ಹೊಳ್ಳಿ ಹೋತು. ಆ ದಾರಿ ನೋಡಿರಲಿಲ್ರಿ, ತಪ್ಪು ನಂದ," ಎಂದಳು. ನನ್ನತ್ತ ಬೆರಳು ಮಾಡಲಿಲ್ಲ. ದೇವಿ ನನಗೆ ತೋರಿದ ಕರುಣೆ ಅದು. ಅದರ ಭಾರಕ್ಕೆ ತಲೆ ಎತ್ತಲಾಗಲಿಲ್ಲ.

ಸೆರಗು ಹೊದ್ದು ಸೂತಕದ ಮನೆಗೆ ಹೋದೆ. ಆಕೆ ಗೋಡೆಗೊರಗಿ ಕೂತಿದ್ದಳು, ಹಣೆ ಬರಿದಾಗಿತ್ತು. ಮೆಸೇಜು ಓದಿ, ನೈವೇದ್ಯ ತರಬೇಕೇನೋ ಎಂದು ಕೇಳಲು ಮಗಳನ್ನು ಗುಡಿಗೆ ಕಳಿಸಿದ್ದಳಂತೆ. ಅಲ್ಲಿದ್ದವರು ಆ ಹುಡುಗಿಯನ್ನು ಸೂತಕದವಳೆಂದು ಮೆಟ್ಟಿಲ ಕೆಳಗೇ ನಿಲ್ಲಿಸಿ ಗದರಿದ್ದರು.

"ಸೊಸೀದು ತಪ್ಪಿಲ್ಲವ್ವ," ಎಂದೆ. "ಮೊದ್ಲ ಒಂದ್ಸಲ ನಡಿಸಿ ನೋಡ್ತೀನಿ ಅಂದ್ಲು, ನಾನ ಬಿಡಲಿಲ್ಲ. ಬದುಕಿದ್ದವ್ರ ಮನಿಗೆ ಸೂತಕ ಬರದ್ರ ಕೆಟ್ಟದ್ದಾಗತೈತಿ ಅಂದೆ."

ಆಕೆ ಗೋಡೆ ಬಿಟ್ಟು ನೇರ ಕೂತಳು. "ಬರದ್ರ ಸಾಯ್ತಾರಂದ್ರ, ನಮ್ಮ ಮನಿ ಹೆಸರು ಯಾರ ಬರದಿದ್ರು ಅಕ್ಕಾ?"

ಹೋಗು ಅನ್ನಲಿಲ್ಲ ಆಕೆ, ಅದೇ ದೊಡ್ಡದು. ಎದ್ದು ಗುಡಿಯ ಮೆಟ್ಟಿಲ ಹತ್ತಿರ ಬಂದೆ. ಸೂತಕದ ಮನೆಯಿಂದ ಬಂದವಳು, ಒಳಗೆ ಹೋಗುವ ಹಾಗಿರಲಿಲ್ಲ. ಕೆಳಗೇ ನಿಂತು ತಪ್ಪು ಸೊಸೆಯದಲ್ಲ, ನನ್ನದು ಎಂದು ಅಲ್ಲಿದ್ದ ಹೆಂಗಸರಿಗೆಲ್ಲ ಹೇಳಿದೆ. ಕೊನೆಮನೆಯಾಕೆಯೂ ಇದ್ದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಸೊಸೆಯ ಹತ್ತಿರ ಕೂತೆ. "ನಮ್ಮ ಮನಿ ಹೆಸರ ಹಾಕು. ನನ್ನ ಎದುರಿಗೆ ಹಾಕು."

"ಶುಕ್ರವಾರ ಐತ್ರಿ ಇವತ್ತೂ," ಎಂದಳು, ನಗದೆ.

"ಇರ್ಲಿ."

ಗುರುತು ಹಾಕಿದಳು. ತಿದ್ದಿದ ಪ್ರೋಗ್ರಾಮು ನಮ್ಮ ಮನೆಯನ್ನು ದಾಟಿ ಪಕ್ಕದ ಮನೆಗೆ ಹೋಯಿತು. ಇನ್ನೂ ಎರಡು ಸಲ ಮಾಡಿಸಿ ನೋಡಿದೆ. ಆಮೇಲೆ ಒಲೆಯ ಮೇಲೆ ಎಸರಿಟ್ಟು, ರೊಟ್ಟಿಗೆ ಜೋಳದ ಹಿಟ್ಟು ಸಾಣಿಸತೊಡಗಿದೆ.