ಮಾವನವರು ಹೇಳಿದ ಏಳನೇ ಭಾಗ

ಹೆಣ್ಣು ನೋಡಲು ರಾಮದುರ್ಗಕ್ಕೆ ಹೋದ ದಿನ ನನ್ನ ಮಾವನವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಓದು, ಹೊಲ, ಸಂಬಳ ಯಾವುದನ್ನೂ ಕೇಳಲಿಲ್ಲ. "ತೂಕ ಎಷ್ಟ ಇದ್ದೀರಿ?" ಎಂದರು. ಐವತ್ತೊಂದು ಕಿಲೋ ಎಂದೆ. ಅವರು ಅತ್ತೆಯವರ ಕಡೆ ನೋಡಿದರು. ಅತ್ತೆಯವರು "ಇರ್ಲಿ ಬಿಡ್ರಿ" ಎಂದರು. ಹೀಗೆ ಮದುವೆಯಾಯಿತು.

ಮಾವನವರು ವಯಸ್ಸಿನಲ್ಲಿ ಪೈಲವಾನರಾಗಿದ್ದರು. ಆ ಕಡೆ ಕೊಲ್ಹಾಪುರದವರೆಗೆ ಹೋಗಿ ಕುಸ್ತಿ ಹಿಡಿದು ಬಂದವರು. ಇಪ್ಪತ್ತೊಂಬತ್ತನೇ ವಯಸ್ಸಿಗೆ ಬಿಟ್ಟುಬಿಟ್ಟರು. ಮೊಣಕಾಲು ಕೈಕೊಟ್ಟಿತು ಎಂದು ಊರಲ್ಲಿ ಹೇಳುತ್ತಿದ್ದರು, ಮನೆಯಲ್ಲೂ ಅದನ್ನೇ ಹೇಳುತ್ತಿದ್ದರು. ಆಮೇಲೆ ಮಲಪ್ರಭೆಯ ದಂಡೆಯ ಹೊಲ ಮಾಡಿಕೊಂಡು, ಹೆಚ್ಚು ಮಾತಾಡದೆ ಇದ್ದರು. ಪೈಲವಾನರು ಸಾಮಾನ್ಯವಾಗಿ ಹಳೆಯ ಕುಸ್ತಿಗಳ ಮಾತು ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಇವರು ಶುರುವನ್ನೇ ಮಾಡಲಿಲ್ಲ.

ನಾನು ಬಸ್ ಕಂಡಕ್ಟರ್. ಬೈಲಹೊಂಗಲದಲ್ಲಿ ಮನೆ. ವಾರಕ್ಕೆ ಮೂರು ದಿನ ಸಂಜೆ ಐದರ ವಸ್ತಿ ಬಸ್ಸು ನನ್ನದು: ಬೈಲಹೊಂಗಲದಿಂದ ಸವದತ್ತಿ, ಅಲ್ಲಿಂದ ರಾಮದುರ್ಗ. ಅಲ್ಲೇ ವಸ್ತಿ, ಬೆಳಿಗ್ಗೆ ಆರಕ್ಕೆ ವಾಪಸು. ಡ್ರೈವರ್ ಬಸ್ಸಿನಲ್ಲೇ ಮಲಗುತ್ತಿದ್ದರು. ನಾನು ಹಾಗೆ ಮಾಡುವಂತಿರಲಿಲ್ಲ. ಊರಲ್ಲಿ ಮಾವನ ಮನೆ ಇಟ್ಟುಕೊಂಡು ಅಳಿಯ ಬಸ್ಸಿನಲ್ಲಿ ಮಲಗಿದರೆ ಜನ ಮಾತಾಡುತ್ತಾರೆ ಎಂದು ಹೆಂಡತಿ ಹೇಳಿದ್ದಳು. ಹಾಗಾಗಿ ವಾರಕ್ಕೆ ಮೂರು ಸಂಜೆ ಮಾವನವರೂ ನಾನೂ ಎದುರುಬದುರು ಕೂತು ಊಟ ಮಾಡುತ್ತಿದ್ದೆವು.

"ಬಸ್ ಹೊತ್ತಿಗೆ ಬಂತ?" ಎನ್ನುತ್ತಿದ್ದರು.

"ಬಂತ್ರಿ" ಎನ್ನುತ್ತಿದ್ದೆ. ಬಸ್ಸು ಕೆಟ್ಟು ಮುನವಳ್ಳಿಯ ಹತ್ತಿರ ನಿಂತ ದಿನ ಮಾತ್ರ "ಇಲ್ರಿ" ಎಂದಿದ್ದೆ. ಆರು ವರ್ಷ ಹೀಗೆ ನಡೆಯಿತು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ. ಹೇಳಲು ಏನೂ ಇರಲಿಲ್ಲ, ಅಷ್ಟೆ.

ಎರಡು ಸಾವಿರದ ನಾಲ್ಕರ ಸುಮಾರಿಗೆ ನನ್ನ ಬಸ್ಸಿಗೆ ಒಬ್ಬ ಮೇಡಂ ಬರತೊಡಗಿದರು. ಬೈಲಹೊಂಗಲದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು, ಮನೆ ಸವದತ್ತಿಯಲ್ಲಿ. ಮೂವತ್ತೈದರ ಆಚೀಚೆ ವಯಸ್ಸು, ಪಾಸಿನವರು. ಡ್ರೈವರ್ ಹಿಂದಿನ ಮೂರನೇ ಸೀಟಿನ ಕಿಟಕಿ ಅವರದು. ಕೂತ ಕೂಡಲೇ ವರ್ತಮಾನಪತ್ರಿಕೆಯ ಹೊದಿಕೆ ಹಾಕಿದ ಒಂದು ಪುಸ್ತಕ ತೆಗೆದು ಓದುತ್ತಿದ್ದರು. ಕೆಲವು ದಿನ ನೋಡಿದ ಮೇಲೆ ನನಗೆ ಒಂದು ವಿಷಯ ಗಮನಕ್ಕೆ ಬಂತು. ಅವರು ಪುಸ್ತಕವನ್ನು ಕೊನೆಯಿಂದ ಶುರು ಮಾಡುತ್ತಿದ್ದರು. ಹೇಳುವುದು ಸರಿಯೋ ತಪ್ಪೋ ಎಂದು ಒಂದು ವಾರ ಯೋಚಿಸಿ, ಕೊನೆಗೆ ಹೇಳಿದೆ.

"ಮೇಡಂ, ಪುಸ್ತಕ ತಿರುವು ಹಿಡದೀರಿ."

"ಇಲ್ರಿ, ಇದು ಹಿಂಗ ಓದೂದು" ಎಂದರು. "ಜಪಾನಿಂದು. ಇಂಗ್ಲಿಷಿಗೆ ತಂದಾರ, ಆದ್ರ ಪುಟ ಜಪಾನಿನವ್ರಂಗ ಹಿಂದಿಂದ ಮುಂದಕ್ಕ ಇಟ್ಟಾರ. ಮಂಗಾ ಅಂತಾರ ಇದಕ್ಕ."

"ಮಂಗ್ಯಾ?"

"ಮಂಗಾ. ಗಾ ದೀರ್ಘ ಅದ."

ಒಳಗೆ ಪೂರ್ತಿ ಚಿತ್ರಗಳಿದ್ದವು. ಅವರು ಬೇಗನೆ ಮುಚ್ಚಿಬಿಟ್ಟರು. "ಕಾಲೇಜಿನಾಗ ಯಾರ ಮುಂದೂ ಹೇಳಬ್ಯಾಡ್ರಿ" ಎಂದರು. ಚಿತ್ರದ ಪುಸ್ತಕ ಓದುವ ಇಂಗ್ಲಿಷ್ ಮೇಡಂ ಎಂದರೆ ಹುಡುಗರು ಪಾಠ ಕೇಳುವುದಿಲ್ಲ ಎಂಬ ಭಯ ಅವರಿಗೆ. ನನಗೆ ಆ ಕಾಲೇಜಿನಲ್ಲಿ ಒಬ್ಬರೂ ಗೊತ್ತಿರಲಿಲ್ಲ. ಆಗಲಿ ಎಂದೆ.

ಒಂದು ಹುಣ್ಣಿಮೆಯ ಹಿಂದಿನ ದಿನ ಸವದತ್ತಿಯ ಗುಡ್ಡಕ್ಕೆ ದೇವಿಯ ದರ್ಶನಕ್ಕೆ ಹೋಗುವವರಿಂದ ಬಸ್ಸು ತುಂಬಿಹೋಗಿತ್ತು. ಮೇಡಂ ತಮ್ಮ ಸೀಟನ್ನು ಒಬ್ಬ ಮುದುಕಿಗೆ ಬಿಟ್ಟುಕೊಟ್ಟು ನಿಂತೇ ಬಂದರು. ಸವದತ್ತಿಯಲ್ಲಿ ನೂಕಾಟದಲ್ಲಿ ಇಳಿದುಹೋದರು. ರಾಮದುರ್ಗದಲ್ಲಿ ಬಸ್ಸು ಖಾಲಿಯಾದ ಮೇಲೆ ನೋಡಿದರೆ ಪುಸ್ತಕ ಸೀಟಿನ ಕೆಳಗೆ ಬಿದ್ದಿತ್ತು. ಬಿಟ್ಟುಹೋದ ಸಾಮಾನನ್ನು ಡಿಪೋಕ್ಕೆ ಒಪ್ಪಿಸಬೇಕೆಂಬ ನಿಯಮವಿದೆ. ಯಾರದೆಂದು ಗೊತ್ತಿದ್ದ ಕಾರಣ ಚೀಲದಲ್ಲಿ ಹಾಕಿಕೊಂಡು ಮಾವನ ಮನೆಗೆ ಬಂದೆ.

ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಪುಸ್ತಕ ಮಾವನವರ ಕೈಯಲ್ಲಿತ್ತು. ಚೀಲದಿಂದ ಅರ್ಧ ಹೊರಗೆ ಬಂದಿತ್ತಂತೆ. ಕೈ ಚಾಚಿ ದೂರ ಹಿಡಿದು ನೋಡುತ್ತಿದ್ದರು. ಆ ಪುಟದಲ್ಲಿ ಲಂಗೋಟಿಯ ಇಬ್ಬರು ದೊಡ್ಡ ದೇಹದವರು ತಲೆಗೆ ತಲೆ ಕೊಟ್ಟು ನಿಂತಿದ್ದರು.

"ಇದು ಯಾರದು?"

"ಬಸ್ಸಿಗೆ ಬರೂ ಒಬ್ರು ಮೇಡಂದ್ರಿ."

"ಮೇಡಂ ಕುಸ್ತಿ ಹಿಡೀತಾರ?"

"ಇಲ್ರಿ, ಇಂಗ್ಲಿಷ್ ಕಲಸ್ತಾರ."

ಅವರು ಮತ್ತೆ ಚಿತ್ರ ನೋಡಿದರು. "ಈ ಕಡೀಯಂವ ಬೀಳ್ತಾನ. ಎಡಗಾಲ ಹಿಂದ ಇಟ್ಟಾನ, ಖರೆ ಭಾರ ಎಲ್ಲಾ ಬಲಗಾಲ ಮ್ಯಾಲ ಹಾಕ್ಯಾನ. ಹಿಂಗ ನಿಂತ್ರ ಒಂದ ಕೈ ಹಚ್ಚಿದ್ರ ಸಾಕು" ಎಂದರು. ಮದುವೆಯಾದಾಗಿನಿಂದ ಅವರು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು. ಪುಟ ತಿರುಗಿಸಿದೆವು. ಅವನು ಬಿದ್ದಿದ್ದ.

ಮುಂದಿನ ಸಲ ಅವರು ಬಸ್ಸಿಗೆ ಬಂದಾಗ ಪುಸ್ತಕ ವಾಪಸು ಕೊಡುತ್ತ ಮೇಡಂಗೆ ಇದನ್ನು ಹೇಳಿದೆ. ಅದು ಮೂರನೇ ಭಾಗವಂತೆ. ಪುಣೆಯಲ್ಲಿದ್ದ ಅವರ ತಮ್ಮ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ ಕಳಿಸುತ್ತಿದ್ದನಂತೆ. ಒಟ್ಟು ಹದಿನಾಲ್ಕು ಭಾಗ. ಮೊದಲನೆಯದನ್ನು ಕೊಡುವಿರಾ ಎಂದು ಕೇಳಿದೆ. ಯೋಚಿಸಿ, "ಎಣ್ಣೀ ಕೈ ಹಚ್ಚಬಾರದು" ಎಂಬ ಕರಾರಿನ ಮೇಲೆ ಕೊಟ್ಟರು.

ಕಥೆ ಇಷ್ಟು. ಸಮುದ್ರದ ಪಕ್ಕದ ಊರಿನ ಮೀನುಗಾರರ ಮನೆಯ ಒಬ್ಬ ಸಣಕಲ ಹುಡುಗ ಪಟ್ಟಣಕ್ಕೆ ಬಂದು ಕುಸ್ತಿಯ ತಾಲೀಮು, ಅಂದರೆ ಗರಡಿ, ಸೇರುತ್ತಾನೆ. ಅಲ್ಲಿ ಕುಸ್ತಿ ಕಲಿಸುವ ವಸ್ತಾದರು ಅವನನ್ನು ಒಳಗೆ ಬಿಟ್ಟುಕೊಳ್ಳುವುದೇ ಅಡಿಗೆಗೆ ಆಳು ಬೇಕಾಗಿದ್ದಾನೆ ಎಂದು. ಆ ಜಪಾನಿ ಹೆಸರುಗಳು ನಮ್ಮ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಮಾವನವರು ಆ ಹುಡುಗನಿಗೆ ಸಣ್ಯಾ ಎಂದು ಹೆಸರಿಟ್ಟರು. ಅವನ ಎದುರಾಳಿಗೆ ಎಮ್ಮಿ ಎಂದು.

ನನ್ನ ಇಂಗ್ಲಿಷ್ ಎಸ್ಸೆಸ್ಸೆಲ್ಸಿಯದು. ಅಷ್ಟು ಸಾಕಾಗುತ್ತಿತ್ತು. ಆ ಪುಸ್ತಕದಲ್ಲಿ ಮಾತು ಕಡಿಮೆ, ಉಸಿರು ಬಿಡುವ ಸದ್ದು ಹೆಚ್ಚು. ಬಸ್ಸಿನಲ್ಲಿ ಟಿಕೆಟು ಹರಿದಾದ ಮೇಲೆ ತಿಳಿಯದ ಪದಗಳನ್ನು ಮೇಡಂಗೆ ಕೇಳಿಕೊಳ್ಳುತ್ತಿದ್ದೆ. ರಾಮದುರ್ಗ ಮುಟ್ಟಿ, ಊಟವಾದ ಮೇಲೆ ಮಾವನವರ ಪಕ್ಕ ಕೂತು ಪುಟ ತಿರುಗಿಸುತ್ತ ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಮೊದಮೊದಲು ಸಿಟ್ಟಾಗಿಯೇ ಕೇಳಿದರು. ಗೆರೆ ದಾಟಿ ಹೊರಗೆ ಕಾಲಿಟ್ಟವನು ಸೋತ ಎಂಬ ನಿಯಮ ಅವರಿಗೆ ಹಿಡಿಸಲಿಲ್ಲ. "ಇದೇನ ಕುಸ್ತಿ. ಚಹಾ ಕುಡಿಯೂದ್ರಾಗ ಮುಗೀತೈತಿ" ಎಂದರು. ಕಣದಲ್ಲಿ ಉಪ್ಪು ಎರಚುವುದನ್ನು ನೋಡಿ ಸ್ವಲ್ಪ ಸಮಾಧಾನವಾಯಿತು. "ನಾವು ಮಣ್ಣಿಗೆ ಅರಿಶಿಣ, ಮಜ್ಜಿಗಿ ಹಾಕತಿದ್ವಿ. ಅವ್ರಿಗೆ ಸಮುದ್ರ ಹತ್ರ ಐತಿ, ಉಪ್ಪು ಹಾಕ್ತಾರ" ಎಂದರು.

ಅತ್ತೆಯವರು ಅಡಿಗೆ ಮನೆಯ ಬಾಗಿಲಲ್ಲಿ ಕೂತು ಕೇಳುತ್ತಿದ್ದರು. ಅವರದು ಒಂದೇ ಕಾಳಜಿ. "ಆ ಹುಡುಗ ಉಂಡನೇನ್ರಿ?"

ನಾಲ್ಕನೇ ಭಾಗದಲ್ಲಿ, ಸಣ್ಯಾ ಮೊದಲ ಸಲ ಗೆಲ್ಲುವ ಪುಟದ ಮೇಲೆ, ಮಾವನವರ ಕೈಯಿಂದ ಶೇಂಗಾ ಚಟ್ನಿ ಬಿತ್ತು. ನಾನು ಎರಡು ದಿನ ಮೇಡಂ ಕಣ್ಣು ತಪ್ಪಿಸಿದೆ. ಕಂಡಕ್ಟರ್ ಆದವನು ಬಸ್ಸಿನಲ್ಲಿ ಒಬ್ಬರ ಕಣ್ಣು ತಪ್ಪಿಸುವುದು ಕಷ್ಟದ ಕೆಲಸ. ಮೂರನೇ ದಿನ ಹೇಳಿದೆ. ಅವರು ಪುಟ ನೋಡಿದರು. "ಗೆದ್ದ ಪುಟದ ಮ್ಯಾಲೇ ಬಿದ್ದದ. ನಡೀತದ" ಎಂದರು.

ಆರನೇ ಭಾಗದ ಕೊನೆಯಲ್ಲಿ ಸಣ್ಯಾನಿಗೂ ಎಮ್ಮಿಗೂ ದೊಡ್ಡ ಕುಸ್ತಿ ನಿಗದಿಯಾಗುತ್ತದೆ. ಸಣ್ಯಾನ ಒಂದು ಕಾಲು ಕಣದೊಳಗೆ ಬರುವಲ್ಲಿಗೆ ಪುಸ್ತಕ ಮುಗಿಯುತ್ತದೆ. ಮುಂದಿನದನ್ನು ಕೇಳಿದರೆ ಮೇಡಂ ಎಂಟನೆಯದನ್ನು ಕೊಟ್ಟರು. "ಏಳು ಸಿಕ್ಕಿಲ್ರಿ. ತಮ್ಮ ಎಲ್ಲಾ ಕಡೆ ಹುಡುಕ್ಯಾನ." ಎಂಟನೆಯದು ಶುರುವಾಗುವಾಗ ಸಣ್ಯಾ ಅಡಿಗೆ ಮನೆಯಲ್ಲಿ ಮೂಲಂಗಿ ಹೆಚ್ಚುತ್ತಿದ್ದಾನೆ. ಬಲ ಮೊಣಕಾಲಿಗೆ ಪಟ್ಟಿ ಕಟ್ಟಿದೆ. ಆ ಕುಸ್ತಿಯ ಬಗ್ಗೆ ಒಬ್ಬರೂ ಒಂದು ಮಾತೂ ಆಡುವುದಿಲ್ಲ.

ಅದನ್ನು ತೋರಿಸಿದ ಸಂಜೆ ಮಾವನವರು ಬೇಗ ಊಟ ಮುಗಿಸಿದರು. ಕೈ ತೊಳೆದು ಬಂದು ಕೂತರು.

"ಏಳನೇದ್ರಾಗ ಏನಾತು ನಾ ಹೇಳತೇನಿ" ಎಂದರು.

ಹೇಳಿದರು. ಕುಸ್ತಿಯ ದಿನ ಬೆಳಿಗ್ಗೆ ವಸ್ತಾದರು ಸಣ್ಯಾನನ್ನು ಹಿತ್ತಲಿಗೆ ಕರೆದರು. ತಾಲೀಮಿಗೆ ಹಾಲು, ಬಾದಾಮಿ ಕೊಡುತ್ತಿದ್ದ ಸಾಹುಕಾರನಿಗೆ ಎಮ್ಮಿ ಗೆಲ್ಲಬೇಕಾಗಿತ್ತು. ಸಣ್ಯಾ ಬಿದ್ದರೆ ಸೋರುತ್ತಿದ್ದ ತಾಲೀಮಿಗೆ ಹೊಸ ಮಾಳಿಗೆ ಹಾಕಿಸಿಕೊಡುವುದಾಗಿ ಸಾಹುಕಾರ ಮಾತು ಕೊಟ್ಟಿದ್ದ. "ಐದ ನಿಮಿಷ ಆಡು, ಆಮ್ಯಾಲ ಬೀಳು" ಎಂದರು ವಸ್ತಾದರು. ಸಣ್ಯಾ ಆಗಲಿ ಎಂದ. ಆಗಲಿ ಎಂದೇ ಕಣಕ್ಕೆ ಇಳಿದ.

"ಆದ್ರ ಬೀಳಾಕ ಬರಲಿಲ್ಲ ಅವಗ" ಎಂದರು ಮಾವನವರು. "ಮನಸ್ಸಿನಾಗ ಬೀಳಬೇಕಂತ ಇತ್ತು. ಕಾಲಿಗೆ ಅದು ತಿಳೀಲಿಲ್ಲ. ನಲವತ್ತ ನಿಮಿಷ ಆತು. ಕಡೀಕ ಎಮ್ಮಿನ ಬಿದ್ದ."

ಜಪಾನಿನ ಕುಸ್ತಿ ಅರ್ಧ ನಿಮಿಷಕ್ಕೆ ಮುಗಿಯುತ್ತದೆ ಎಂದು ನನಗೆ ನೆನಪಿತ್ತು. ಆದರೂ ಕೇಳಿದೆ.

"ಆಮ್ಯಾಲ್ರಿ?"

"ಆಮ್ಯಾಲ ವಸ್ತಾದರು ಅವನ ಕೂಡ ಮಾತ ಬಿಟ್ರು. ಸಾಹುಕಾರ ಮಾಳಿಗಿ ಹಾಕಸಲಿಲ್ಲ. ಮಳಿಗಾಲದಾಗ ತಾಲೀಮಿನ ಗ್ವಾಡಿ ಬಿತ್ತು, ಮಣ್ಣೆಲ್ಲಾ ಹರಕೊಂಡ ಹೋತು. ಯಾರೂ ಇವಗ ಬೈಲಿಲ್ಲ. ಬೈದಿದ್ರ ಛೊಲೊ ಇತ್ತು. ಇಂವ ಕುಸ್ತಿ ಬಿಟ್ಟ."

"ಮತ್ತ ಮೊಣಕಾಲಿಗೆ ಪಟ್ಟಿ ಯಾಕ ಐತ್ರಿ?"

"ಯಾಕ ಬಿಟ್ಟಿ ಅಂತ ಜನ ಕೇಳ್ತಾರಲ್ಲ. ಅದಕ್ಕ ಕಟ್ಟಿಗೊಂಡಾನ."

ಬಾಗಿಲಲ್ಲಿ ಕೂತಿದ್ದ ಅತ್ತೆಯವರು ಮುಂದಕ್ಕೆ ಸರಿದು ಕೂತರು. ಆಮೇಲೆ ಕೇಳಿದರು. "ಅಂವ ಯಾವ ಮೊಣಕಾಲಿಗೆ ಕಟ್ಟಿಗೊಂಡಾನ್ರಿ?"

"ಬಲಗಾಲಿಗೆ."

"ನೀವು ನನ್ನ ಕೈಲೆ ಎರಡಕ್ಕೂ ಎಣ್ಣಿ ಹಚ್ಚಿಸಿಗೊಂಡೀರಿ. ಮೂವತ್ತ ವರ್ಷ" ಎಂದು ಎದ್ದು ಒಳಗೆ ಹೋದರು. ಪಾತ್ರೆಗಳನ್ನು ಎಂದಿನಂತೆಯೇ ತೊಳೆದರು, ಸದ್ದೇನೂ ಹೆಚ್ಚಾಗಲಿಲ್ಲ. ಮಾವನವರು ನನ್ನನ್ನು ನೋಡಿ, "ಎಂಟನೇದು ಓದ್ರಿ" ಎಂದರು. ಓದಿದೆ. ಅವತ್ತು ಇಂಗ್ಲಿಷಿಗೆ ಸರಿಯಾದ ಕನ್ನಡ ಬಾಯಿಗೆ ಬರುತ್ತಿರಲಿಲ್ಲ.

ಈ ಏಳನೇ ಭಾಗವನ್ನು ಮೇಡಂಗೆ ಒಪ್ಪಿಸಿದೆ, ಮಾವನವರು ಹೇಳಿದ್ದು ಎಂದಷ್ಟೇ ತಿಳಿಸಿ, ಅತ್ತೆಯವರ ಮಾತು ಬಿಟ್ಟು. ಅವರು ಸವದತ್ತಿ ಬರುವವರೆಗೂ ಕೇಳಿ, ನಾನು ವಾಪಸು ತಂದಿದ್ದ ಎಂಟನೆಯದನ್ನು ತೆಗೆದುಕೊಂಡು ಪುಟ ತಿರುವಿದರು. "ನೋಡ್ರಿ, ಮೊದಲ ಐವತ್ತು ಪುಟದೊಳಗ ವಸ್ತಾದ ಒಮ್ಮೆನೂ ಇವನ ಮಾರಿ ನೋಡೂದಿಲ್ಲ. ನಿಮ್ಮ ಮಾವ ಹೇಳಿದ್ದಕ್ಕ ಕೂಡತದ" ಎಂದರು. ಆ ಪುಟಗಳನ್ನು ನಾನು ಎರಡು ಸಲ ಓದಿದ್ದೆ, ಅದು ಕಂಡಿರಲಿಲ್ಲ.

ನಿಜವಾದ ಏಳನೇ ಭಾಗ ಮರುವರ್ಷ ಸಿಕ್ಕಿತು. ಕುಸ್ತಿ ಎರಡೇ ಪುಟದಲ್ಲಿ ಮುಗಿದುಹೋಗುತ್ತದೆ, ಸಣ್ಯಾ ಸೋಲುತ್ತಾನೆ. ಉಳಿದ ಪುಟಗಳಲ್ಲಿ ಅವನು ತಾಯಿಯ ಊರಿಗೆ ಹೋಗಿ ಬಲೆ ಎಳೆಯುತ್ತಾನೆ, ದೋಣಿಯಿಂದ ಇಳಿಯುವಾಗ ಜಾರಿ ಮೊಣಕಾಲು ಪೆಟ್ಟು ಮಾಡಿಕೊಳ್ಳುತ್ತಾನೆ. ಮಾವನವರು ಕೊನೆಯ ಪುಟದವರೆಗೆ ಕೇಳಿದರು.

"ಬರದಾಂವಗ ಗೊತ್ತಾಗಿಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅವನೂ ಏನ ಮಾಡ್ಯಾನು, ಅಷ್ಟ ದೂರ ಇದ್ದಾನ" ಎಂದರು.

ಹದಿನಾಲ್ಕು ಭಾಗದಲ್ಲಿ ಸಣ್ಯಾ ದೊಡ್ಡ ಪೈಲವಾನನೇನೂ ಆಗುವುದಿಲ್ಲ. ಕೊನೆಗೆ ತಾಲೀಮಿನ ಅಡಿಗೆಯವನಾಗಿಯೇ ಉಳಿಯುತ್ತಾನೆ. ಕೊನೆಯ ನಲವತ್ತು ಪುಟ ಅವನು ಅಕ್ಕಿ ತೊಳೆಯುತ್ತಾನೆ, ಹೊಸದಾಗಿ ಸೇರಿದವರಿಗೆ ಬಡಿಸುತ್ತಾನೆ. ಅತ್ತೆಯವರು ಇದಕ್ಕಿಂತ ಒಳ್ಳೆಯ ಮುಕ್ತಾಯ ಇರಲಾರದು ಎಂದು ತೀರ್ಮಾನಿಸಿದರು. ಮಾವನವರು ಮತ್ತೆ ಒಂದನೇ ಭಾಗ ತನ್ನಿ ಎಂದರು. ಒಟ್ಟು ಮೂರು ಸಲ ಓದಿದೆವು. ಮುಂದಿನ ಎರಡು ಸಲವೂ ಏಳನೆಯದು ಬಂದಾಗ ಪುಸ್ತಕ ಪಕ್ಕಕ್ಕಿಟ್ಟು ಅವರೇ ಹೇಳಿದರು. ಎರಡನೇ ಸಲ ಸಾಹುಕಾರನ ಮನೆ ಹೇಗಿತ್ತೆಂದೂ ಹೇಳಿದರು, ಮೂರನೇ ಸಲ ಆ ಮನೆ ಜಪಾನಿನಲ್ಲಲ್ಲ, ರಾಮದುರ್ಗದ ಹತ್ತಿರ ತೊರಗಲ್ಲಿನ ಹಾದಿಯಲ್ಲಿತ್ತು.

ಆಮೇಲೆ ನಾನು ಬೇರೆ ಮಂಗಾಗಳನ್ನೂ ಓದಿದ್ದೇನೆ. ರೈಲ್ವೆ ಸ್ಟೇಷನ್ನಿನಲ್ಲಿ ಕ್ಯಾಂಟೀನು ನಡೆಸುವ ಹೆಂಗಸಿನದೊಂದು, ವಾಲಿಬಾಲ್ ಆಡುವ ಹುಡುಗಿಯರದೊಂದು. ಎರಡೂ ಚೆನ್ನಾಗಿದ್ದವು. ಕ್ಯಾಂಟೀನಿನದನ್ನು ಹೆಂಡತಿಗೂ ಓದಿ ಹೇಳಿದೆ, ಅವಳಿಗೆ ನನಗಿಂತ ಹೆಚ್ಚು ಹಿಡಿಸಿತು. ಆದರೆ ನನ್ನದು ಯಾವುದು ಎಂದು ಕೇಳಿದರೆ ದಪ್ಪ ಪೈಲವಾನರದೇ. ಅದರಲ್ಲಿ ಒಬ್ಬನ ಮುಖವನ್ನೇ ನಾಲ್ಕು ಪುಟ ಬರೆದಿರುತ್ತಾರೆ, ಮಾತಿಲ್ಲದೆ. ಮೊದಲ ಸಲ ನಾನು ಅಂಥ ಪುಟಗಳನ್ನು ಏನೂ ಇಲ್ಲವೆಂದು ಸರಸರ ದಾಟಿಸಿದ್ದೆ. ಮಾವನವರು ನನ್ನ ಕೈ ಹಿಡಿದು ನಿಲ್ಲಿಸಿದರು. "ತಡೀರಿ ಅಳಿಯಾರ, ಇಂವ ಹೇಳಾಕ ಹತ್ಯಾನ" ಎಂದರು. ಆರು ವರ್ಷ ಎದುರಿಗೆ ಕೂತು ಊಟ ಮಾಡಿದ ಮುಖವನ್ನು ನಾನೂ ಹಾಗೆಯೇ ದಾಟಿಸಿದ್ದೆ ಎಂದು ನನಗೆ ಅನ್ನಿಸಿತು. ಅದನ್ನು ಅವರಿಗೆ ಹೇಳಿದ್ದರೆ ಇಬ್ಬರಿಗೂ ತೊಂದರೆಯಾಗುತ್ತಿತ್ತು.

ಮುಂದೆ ನನಗೆ ಕಿತ್ತೂರಿನ ಕಡೆಯ ರೂಟು ಬಂತು. ವಸ್ತಿ ತಪ್ಪಿತು. ಅದಕ್ಕೆ ಸ್ವಲ್ಪ ಮೊದಲು, ಒಂದು ರವಿವಾರ, ಮೇಡಂ ರಾಮದುರ್ಗಕ್ಕೆ ಬಂದರು. ಏಳನೇ ಭಾಗ ಹೇಳಿದವರನ್ನು ಒಮ್ಮೆ ನೋಡಬೇಕು ಎಂದು ಬಹಳ ದಿನದಿಂದ ಅನ್ನುತ್ತಿದ್ದರು. ಅತ್ತೆಯವರು ಸಿಹಿಗೆ ಮಾದಲಿ ಮಾಡಿದ್ದರು. ಮಾವನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಅವರಿಬ್ಬರೂ ನಮಸ್ಕಾರ ಮಾಡಿಕೊಂಡು ಸುಮ್ಮನೆ ಕೂತದ್ದನ್ನು ನೋಡಿ, ನಾನೇ ಏನಾದರೂ ಮಾತು ಶುರು ಮಾಡಬೇಕು ಎಂದುಕೊಂಡೆ. ಅಷ್ಟರಲ್ಲಿ ಅತ್ತೆಯವರು ನನ್ನನ್ನು ಹಾಲು ತರಲು ಕಳಿಸಿದರು.

ವಾಪಸು ಬಂದಾಗ ಮೇಡಂ ಅಂಗಳದ ನಡುವೆ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಣಕಾಲು ಬಗ್ಗಿಸಿ, ಎರಡೂ ಕೈ ಮುಂದೆ ಚಾಚಿ ನಿಂತಿದ್ದರು. ಮಾವನವರು ಮೂರು ಮಾರು ದೂರದಲ್ಲಿ ಅದೇ ರೀತಿ ನಿಂತಿದ್ದರು.

"ಇನ್ನೂ ತಗ್ಗ ಬಗ್ಗರಿ" ಎನ್ನುತ್ತಿದ್ದರು. "ಕಣ್ಣ ನನ್ನ ಎದೀ ಮ್ಯಾಲ ಇಡ್ರಿ, ಮಾರಿ ನೋಡಬ್ಯಾಡ್ರಿ. ಮಾರಿ ಸುಳ್ಳ ಹೇಳತೈತಿ."

ಮೇಡಂ ಇನ್ನೂ ತಗ್ಗಿ ಬಗ್ಗಿದರು. ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು. ಹಾಲನ್ನು ಒಳಗಿಟ್ಟು ಸುಮ್ಮನೆ ಕೂಡ್ರಿ ಎಂದು ನನಗೆ ಕೈ ಮಾಡಿದರು.