ಗ್ರಹಣಕ್ಕೂ ಮುಂಚೆ ಮಂಕಾದ ಚುಕ್ಕಿ

ತಕ್ಕಡಿ ರಿಪೇರಿ ಮಾಡುವ ನಮ್ಮ ದೊಡ್ಡಪ್ಪನಿಗೆ ಒಂದೇ ಹುಚ್ಚು, ಆಕಾಶದ ಒಂದು ಚುಕ್ಕಿ. ಕಣ್ಣಿಗೆ ಒಂದಾಗಿ ಕಂಡರೂ ಅವು ಒಂದನ್ನೊಂದು ಸುತ್ತುವ ಎರಡು. ಇಪ್ಪತ್ತೆಂಟು ವರ್ಷಕ್ಕೊಮ್ಮೆ ಮಂಕಾದ ಚುಕ್ಕಿ ಬೆಳಗುವ ಚುಕ್ಕಿಗೆ ಅಡ್ಡ ಬಂದು ತಿಂಗಳುಗಟ್ಟಲೆ ಗ್ರಹಣ ಹಿಡಿಸುತ್ತದೆ. ಹಿಂದಿನ ಸಲದ್ದು ಅವನಿಗೆ ಗೊತ್ತಾಗಿದ್ದೇ ಎಲ್ಲ ಮುಗಿದ ಮೇಲೆ. ಅಂದಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮುಂದಿನದಕ್ಕೆ ಕಾಯುತ್ತಿದ್ದ.

ದೊಡ್ಡಮ್ಮ ಅದನ್ನು ಸವತಿ ಎನ್ನುತ್ತಿದ್ದಳು.

"ಒಬ್ಬಳಲ್ಲ ಕಣೇ, ಇಬ್ಬರು. ದೊಡ್ಡದು ಉಬ್ಬಿ ಉಬ್ಬಿ ತನ್ನ ಮೈನೆಲ್ಲ ಪಕ್ಕದ್ದಕ್ಕೆ ಸುರಿದು ಸೊರಗಿದೆ. ಪಕ್ಕದ್ದು ತಿಂದು ಕೊಬ್ಬಿದೆ."

"ಸಂಸಾರ ಅಂದ್ರೆ ಹಾಗೇ," ಎಂದು ಅವಳು ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಚುಕ್ಕಿಯ ಬೆಳಕನ್ನು ಅಕ್ಕಪಕ್ಕದ ಎರಡು ಚುಕ್ಕಿಗಳಿಗೆ ಹೋಲಿಸಿ ಅಳೆಯುತ್ತಾರೆ. ಮೂರನ್ನೂ ಒಂದೊಂದಾಗಿ ನೇರ ನೋಡಬೇಕು. ಈ ಪುಣ್ಯಾತ್ಮ ತನ್ನದನ್ನೇ ದಿಟ್ಟಿಸಿ, ಪಕ್ಕದ ಎರಡನ್ನು ಕಣ್ಣಂಚಿನಲ್ಲೇ ಮುಗಿಸಿಬಿಡುತ್ತಿದ್ದ.

ಒಂದು ಸಂಜೆ ಮಹಡಿಯಿಂದ ಓಡಿ ಬಂದ. "ಶುರುವಾಯ್ತು. ಲೆಕ್ಕಕ್ಕಿಂತ ಎಷ್ಟೋ ತಿಂಗಳು ಮುಂಚೆ." ಚುಕ್ಕಿ ನೋಡುವ ಗೆಳೆಯರಿಗೆಲ್ಲ ಫೋನು ಮಾಡಿದ. ಅವರೂ ನೋಡಿದರು. ಚುಕ್ಕಿ ಎಂದಿನಂತೆಯೇ ಇದೆ ಎಂದರು. "ಕುರುಡು ನನ್ಮಕ್ಕಳು," ಎಂದು ದೊಡ್ಡಪ್ಪ ಫೋನು ಕುಕ್ಕಿದ.

ಅದೇ ವಾರ ಅಂಗಡಿಯಲ್ಲಿ ಅವನು ತಕ್ಕಡಿಯ ಮುಳ್ಳನ್ನು ನೇರ ನೋಡಿದರೆ ಮುಳ್ಳೇ ಕಾಣಲಿಲ್ಲ. ಕಣ್ಣಿನ ಡಾಕ್ಟರು ನಿಧಾನವಾಗಿ ಹೇಳಿದರು: ಎರಡೂ ಕಣ್ಣಿನ ನಡುಭಾಗ ಸಾಯುತ್ತಿದೆ. ಅಂಚಿನಲ್ಲಿ ಗೋಡೆ, ಬಾಗಿಲು ಕಾಣುತ್ತಿರುತ್ತವೆ, ಸಣ್ಣದೇನೂ ಕಾಣುವುದಿಲ್ಲ. ಹೋದ ನೋಟ ಮರಳಿ ಬರುವುದಿಲ್ಲ. ಮಂಕಾಗಿದ್ದು ಚುಕ್ಕಿಯಲ್ಲ, ಅದನ್ನು ದಿಟ್ಟಿಸುತ್ತಿದ್ದ ಕಣ್ಣು ಎಂದು ನಮಗೆ ಆಗ ತಿಳಿಯಿತು. ಈ ಸಲ ತಪ್ಪಿದರೆ ಮುಂದಿನ ಗ್ರಹಣಕ್ಕೆ ಅವನೇ ಇರುವುದಿಲ್ಲ. ದೇವರು ಕಣ್ಣು ಕಿತ್ತುಕೊಳ್ಳಲು ಇನ್ನೊಂದು ವರ್ಷ ಕಾಯಬಾರದಿತ್ತೇ?

ದೊಡ್ಡಪ್ಪ ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಊಟ ಬಿಟ್ಟ. ಒಂದು ಸಂಜೆ ದೊಡ್ಡಮ್ಮ ಮಂಡಿನೋವನ್ನೂ ಲೆಕ್ಕಿಸದೆ ಮಹಡಿ ಹತ್ತಿ ಇಳಿದು ಬಂದಳು.

"ರೀ, ಮಂಕಾಗಿದೆ ರೀ. ನೀವು ಹೇಳಿದ್ದೇ ಸರಿ."

ಅವನು ಎದ್ದು ಕೂತ. "ನಿಜವಾಗ್ಲೂ? ಯಾವ ದಿಕ್ಕಲ್ಲಿ ನೋಡ್ದೆ?"

ಅವಳು ನನ್ನ ಮುಖ ನೋಡಿದಳು. ನನಗೂ ಗೊತ್ತಿರಲಿಲ್ಲ.

"ನಿಂಗೆ ಆ ಚುಕ್ಕಿ ಯಾವುದು ಅಂತ ಗೊತ್ತೇನೇ?"

"ಇಷ್ಟು ವರ್ಷದಲ್ಲಿ ಒಂದಿನನಾದ್ರೂ ತೋರಿಸಿದ್ರಾ ನೀವು?" ಎಂದು ದೊಡ್ಡಮ್ಮ ಅತ್ತಳು.

ಅವನು ಅವಳನ್ನು ಮಹಡಿಗೆ ಕರೆದುಕೊಂಡು ಹೋದ. ಬೆರಳು ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಎತ್ತ ತೋರಿಸಬೇಕೆಂದು ಅವನಿಗೇ ತಿಳಿಯಲಿಲ್ಲ.