ಅತ್ತಿಗೆಯ ಕಾಗದಕ್ಕೆ ನನ್ನ ಸಹಿ

ಅತ್ತಿಗೆಯ ಕಾಲಿನ ಹೆಬ್ಬೆರಳುಗಳಿಗೆ ಉಗುರು ಪೂರ್ತಿ ಬೆಳೆದದ್ದನ್ನು ನಾನು ನೋಡಲೇ ಇಲ್ಲ. ಕಪ್ಪಾಗಿ ಬಿದ್ದುಹೋಗುವುದು, ಅರ್ಧ ಬರುವುದು, ಮತ್ತೆ ಕಪ್ಪಾಗುವುದು. ಮದುವೆಯ ದಿನ ಅಣ್ಣ ಕಾಲುಂಗುರ ತೊಡಿಸುವಾಗ ಹೆಂಗಸರ ಕಣ್ಣೆಲ್ಲ ಆ ಬೆರಳುಗಳ ಮೇಲೆಯೇ. ಕೋಲಾರದ ಕಡೆಯ ಹುಡುಗಿ, ಏಷ್ಯಾ ಮಟ್ಟದ ಕೂಟದಲ್ಲಿ ಕಂಚಿನ ಪದಕ ತಂದಿದ್ದಾಳೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ನಮ್ಮ ದೊಡ್ಡಮ್ಮನಿಗೆ ಕಂಡದ್ದು ಉಗುರು.

"ಏನವ್ವಾ ಇದು, ಕಾಲ್ ಮೇಲೆ ಗುಂಡ್ಕಲ್ ಎತ್ತಾಕ್ಕೊಂಡಿದ್ಯಾ?"

ತಲೆ ತಗ್ಗಿಸಿ ಕೂತಿದ್ದ ಮದುಮಗಳು ಅಲ್ಲಿಂದಲೇ ಹೇಳಿದರು: "ಇಲ್ಲ ದೊಡ್ಡಮ್ಮ, ನಡ್ದಿದ್ದು."

ನಡೆದದ್ದೇ. ಓಟವಲ್ಲ, ವೇಗದ ನಡಿಗೆ ಅವರ ಆಟ. ಒಂದಲ್ಲ ಒಂದು ಕಾಲು ಸದಾ ನೆಲದ ಮೇಲಿರಬೇಕು, ಮುಂದಿಟ್ಟ ಕಾಲಿನ ಮಂಡಿ ಬಾಗಬಾರದು. ತಪ್ಪಿದರೆ ತೀರ್ಪುಗಾರರು ಕೆಂಪು ಚೀಟಿ ಬರೆಯುತ್ತಾರೆ, ಮೂರು ಚೀಟಿಯಾದರೆ ಆಚೆಗೆ ನಡಿ ಎನ್ನುತ್ತಾರೆ. ಈ ನಿಯಮದಲ್ಲಿ ನಡೆಯುವವರ ಸೊಂಟ ಎಡಕ್ಕೂ ಬಲಕ್ಕೂ ತಿರುಗುತ್ತದೆ, ನೋಡುವವರಿಗೆ ನಗು ಬರುತ್ತದೆ. ದೇವನಹಳ್ಳಿ ಕಡೆಯ ವಿಜಯಪುರದ ಪಕ್ಕದ ನಮ್ಮೂರಿನಲ್ಲಿ ಹೊಸ ಸೊಸೆ ಬೆಳಗಾಗುತ್ತಲೇ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಹಾಗೆ ನಡೆದರೆ ಏನಾಗಬೇಕೋ ಅದೇ ಆಯಿತು. ಒಂದು ವಾರ ಹಾಲಿನ ಡೇರಿಯ ಮುಂದೆ ಅದೇ ಮಾತು. ಆಮೇಲೆ ಆಡಿಕೊಂಡವರೇ ಸಾಕಾಗಿ ಸುಮ್ಮನಾದರು. ಅಮ್ಮ ಮಾತ್ರ ಮೊದಲ ದಿನದಿಂದಲೂ ಬೆಳಿಗ್ಗೆ ಎರಡು ಮೊಟ್ಟೆ ಬೇಯಿಸಿ ಮುಚ್ಚಿಡುತ್ತಿದ್ದರು. ಸೊಸೆಯ ಮೇಲಿನ ಹೆಮ್ಮೆಯನ್ನು ಬಾಯಲ್ಲಿ ಆಡದೆ ಮೊಟ್ಟೆಯಲ್ಲಿ ತೋರಿಸಿದ ಹೆಂಗಸು ನಮ್ಮಮ್ಮ.

"ಓಡೋದ್ ಏನ್ ಮಹಾ ಕಣೇ," ಎನ್ನುತ್ತಿದ್ದರು ಅತ್ತಿಗೆ. "ಓಡ್ಬೇಕು ಅನ್ಸಿದಾಗ ಓಡ್ದೇ ಇರ್ಬೇಕಲ್ಲ, ಅದು ಕಷ್ಟ."

ನಾನಾಗ ಒಂಬತ್ತನೇ ಕ್ಲಾಸು. ನನ್ನ ಕೆಲಸ ತೀರ್ಪುಗಾರಿಕೆ. ಹೊರಡುವ ಮುಂಚೆ ಅತ್ತಿಗೆ ಕಾಲುಂಗುರ ಬಿಚ್ಚಿ ನನ್ನ ಕೈಗೆ ಕೊಡುತ್ತಿದ್ದರು. ಅದನ್ನು ಮುಷ್ಟಿಯಲ್ಲಿ ಹಿಡಿದು ನಾನು ಮೋರಿಯ ಹತ್ತಿರ ರಸ್ತೆಯಂಚಿಗೆ ಹೊಟ್ಟೆ ಅಡಿಯಾಗಿ ಮಲಗಬೇಕು, ಕೆನ್ನೆ ಮಣ್ಣಿಗೆ ತಾಗುವಷ್ಟು. ಅವರು ಸರಸರನೆ ಮುಂದೆ ಹಾದು ಹೋಗುವಾಗ ಎರಡು ಕಾಲೂ ಒಟ್ಟಿಗೆ ನೆಲ ಬಿಟ್ಟವೇ ನೋಡಬೇಕು. ತಿರುಗಿ ಬಂದು ಕೇಳುತ್ತಿದ್ದರು:

"ನೆಲ ಬಿಟ್ನಾ?"

"ಒಂದ್ ಸಲ. ಆ ಕಲ್ಲಿನ ಹತ್ರ."

"ಸರಿಯಾಗಿ ನೋಡ್ದಾ?"

"ನೋಡ್ದೆ ಅತ್ತಿಗೆ, ದೇವ್ರಾಣೆ."

"ಸುಳ್ಳು ಹೇಳ್ಬೇಡ ಮತ್ತೆ. ನನ್ ಮುಖ ನೋಡಿ ಪಾಪ ಅಂತ ಇಲ್ಲ ಅಂದ್ಬಿಟ್ರೆ, ಅಲ್ಲಿ ಹೋಗಿ ಕೆಂಪು ತಿಂತೀನಿ ನಾನು."

ನಾನು ಸುಳ್ಳು ಹೇಳಲಿಲ್ಲ. ಆ ವಿಷಯದಲ್ಲಿ ಮಾತ್ರ.

ಆಗ ಅವರಿಗೆ ಮೂವತ್ತು ತುಂಬುತ್ತಿತ್ತು. ಹಿಂದಿನ ಸಲ ಬೆಳ್ಳಿ ನಾಲ್ಕು ಹೆಜ್ಜೆಯಲ್ಲಿ ತಪ್ಪಿತ್ತಂತೆ. ಕೊನೆಯ ಸುತ್ತಿನಲ್ಲಿ ಮುಂದಿದ್ದವಳ ಬೆನ್ನಿನ ಬೆವರು ಕಾಣಿಸುತ್ತಿತ್ತು ಎಂದು ಅದೆಷ್ಟು ಸಲ ಹೇಳಿದ್ದರೋ. ಮುಂದಿನ ವರ್ಷ ಮತ್ತೆ ಏಷ್ಯಾದ ಕೂಟ. ಅದಕ್ಕೆ ಮೊದಲು ಉತ್ತರದ ಕಡೆ ಆರು ತಿಂಗಳ ಶಿಬಿರ. ಶಿಬಿರಕ್ಕೆ ಕರೆ ಬಂದರೆ ತಂಡದಲ್ಲಿ ಜಾಗ ಬಹುಪಾಲು ಗಟ್ಟಿ. "ಇದೊಂದ್ ಸಲ. ಆಮೇಲೆ ಮನೆ, ಮಕ್ಕಳು, ನೀವ್ ಹೇಳ್ದಂಗೆ," ಎಂದು ಅಮ್ಮನಿಗೆ ಅವರೇ ಹೇಳಿದ್ದರು. ಅಮ್ಮ ಒಪ್ಪಿಯಾಗಿತ್ತು. ಕಾಗದ ಬರುವುದೊಂದೇ ಬಾಕಿ.

ಅದು ಬಂದದ್ದು ಮನೆಯಲ್ಲಿ ರೇಷ್ಮೆ ಹುಳು ಮೇಯುತ್ತಿದ್ದ ದಿನಗಳಲ್ಲಿ. ನಮ್ಮ ಮನೆಯ ಪದ್ಧತಿ ಏನೆಂದರೆ, ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಮೇಲೆ, ಹುಳುಮನೆಗೆ ಹೊರಗಿನವರು ಬರುವಂತಿಲ್ಲ, ಹೊರಗಿನ ವಸ್ತು ಬರುವಂತಿಲ್ಲ. ಅದು ಎಲ್ಲರ ಮನೆಯಲ್ಲೂ ಉಂಟು. ನಮ್ಮಮ್ಮ ಅದಕ್ಕೆ ಇನ್ನೊಂದು ಸೇರಿಸಿದ್ದರು: ಒಳಗೆ ಕೆಲಸ ಮಾಡುವವರಿಗೆ ಹೊಸ ಸುದ್ದಿಯನ್ನೂ ಹೇಳಕೂಡದು. ಸಾವಿರಲಿ, ಮದುವೆಯಿರಲಿ, ಗೂಡು ಬಿಡಿಸಿದ ಮೇಲೆ. ಸುದ್ದಿ ಕೇಳಿದ ಕೈ ನಡುಗುತ್ತದೆ, ನಡುಗುವ ಕೈಯಲ್ಲಿ ಹುಳು ಮುಟ್ಟಬಾರದು ಎಂಬುದು ಅವರ ವಾದ. ಅತ್ತಿಗೆಯ ಕೈ ನಮ್ಮ ಮನೆಯಲ್ಲೇ ಹಗುರದ ಕೈ. ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಬೆಳಿಗ್ಗೆ ಹಿತ್ತಲಲ್ಲೇ ಸುತ್ತು ಹೊಡೆದು, ಸ್ನಾನ ಮಾಡಿ ಒಳಗೆ ಹೋದರೆ ಹೊರಗೆ ಬರುವುದು ಸಂಜೆಗೇ.

ಸೋಮವಾರ ಪೋಸ್ಟ್‌ಮ್ಯಾನ್ ಸೈಕಲ್ ನಿಲ್ಲಿಸಿ, ರಿಜಿಸ್ಟರ್ಡ್ ಪೋಸ್ಟ್ ಎಂದರು. ಶಾಲೆಗೆ ರಜೆ, ಜಗಲಿಯಲ್ಲಿದ್ದವಳು ನಾನೊಬ್ಬಳೇ. ಸಹಿ ಹಾಕಿದೆ. ಉದ್ದನೆಯ ಕವರು, ಮೇಲೆ ಅತ್ತಿಗೆಯ ಹೆಸರು, ಕ್ರೀಡಾ ಇಲಾಖೆಯ ಮುದ್ರೆ. ಅಮ್ಮನ ಮಾತು ನೆನಪಾಯಿತು, ಗೂಡು ಬಿಡಿಸಲಿ ಆಮೇಲೆ ಕೊಟ್ಟರಾಯಿತು ಎಂದು ಅಟ್ಟದ ಮೇಲೆ ಹಳೇ ತಟ್ಟೆಗಳ ಹಿಂದೆ ಇಟ್ಟೆ. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡ ಕಥೆ ಇದು. ಅಮ್ಮನ ಪದ್ಧತಿ ನನಗೆ ನೆಪ, ಅಷ್ಟೇ. ಅತ್ತಿಗೆ ಆರು ತಿಂಗಳು ಇರುವುದಿಲ್ಲ ಎಂಬುದು ನನಗೆ ಸಹಿಸಲಾಗದ ಸಂಗತಿಯಾಗಿತ್ತು. ನನ್ನ ಜಡೆ ಹೆಣೆಯುತ್ತಿದ್ದವರು, ಗಣಿತ ಬಾರದ ನನ್ನನ್ನು ದಡ್ಡಿ ಎನ್ನದಿದ್ದವರು ಆ ಮನೆಯಲ್ಲಿ ಅವರೊಬ್ಬರೇ. ಕವರಿನೊಳಗಿನ ತಾರೀಕು ನನಗೆ ಗೊತ್ತಿರಲಿಲ್ಲ, ನಿಜ. ತಡವಾದರೆ ಒಳ್ಳೆಯದು ಎಂದು ಮನಸ್ಸಿನಲ್ಲಿ ಅಂದುಕೊಂಡದ್ದೂ ಅಷ್ಟೇ ನಿಜ.

ಸಂಜೆ ಅತ್ತಿಗೆ ಹೊರಗೆ ಬಂದು ಕೈಕಾಲು ತೊಳೆಯುತ್ತ ಕೇಳುತ್ತಿದ್ದರು: "ಪೋಸ್ಟ್ ಏನಾದ್ರೂ ಬಂತಾ?"

"ಇಲ್ಲ ಅತ್ತಿಗೆ."

ಒಂಬತ್ತು ಸಂಜೆ ಕೇಳಿದರು. ಒಂಬತ್ತು ಸಲವೂ ನನ್ನ ನಾಲಿಗೆ ತಡವರಿಸಲಿಲ್ಲ. ಗೂಡು ಬಿಡಿಸಿ ಮಾರುಕಟ್ಟೆಗೆ ಹೊರಟ ದಿನ ಕವರನ್ನು ತಂದು, ಈಗ ಬಂತು ಎಂದು ಕೊಟ್ಟೆ. ಅತ್ತಿಗೆ ಒಡೆದರು, ಓದಿದರು. ಶಿಬಿರಕ್ಕೆ ಸೇರುವ ದಿನ ಕಳೆದು ಎರಡು ದಿನವಾಗಿತ್ತು. ಕವರನ್ನು ಹಿಂದೆ ತಿರುಗಿಸಿ ಅಲ್ಲಿನ ಅಂಚೆ ಮುದ್ರೆಯ ತಾರೀಕನ್ನು ತುಂಬ ಹೊತ್ತು ನೋಡಿದರು. ನನ್ನನ್ನು ನೋಡಲಿಲ್ಲ. ಚಪ್ಪಲಿ ಮೆಟ್ಟಿ ವಿಜಯಪುರದ ಎಸ್‌ಟಿಡಿ ಬೂತಿಗೆ ಹೋದರು. ಬಸ್ಸಿಗೆ ಕಾಯದೆ ನಡೆದೇ ಹೋದರೆಂದು ಆಮೇಲೆ ಯಾರೋ ಹೇಳಿದರು. ಮಧ್ಯಾಹ್ನ ಬಂದವರು ಅಮ್ಮನಿಗೆ ಒಂದೇ ಮಾತು ಹೇಳಿದರು: "ಬೇರೆಯವ್ರನ್ನ ತಗೊಂಡ್ರಂತೆ ಅತ್ತೆ." ಅಮ್ಮ ಒಲೆಯ ಮುಂದೆ ಕೂತು ಅತ್ತರು. ಅತ್ತಿಗೆ ಅಳಲಿಲ್ಲ, ಚಂದ್ರಿಕೆಗಳನ್ನು ಬಿಸಿಲಿಗೆ ಹಾಕಲು ಹೋದರು.

ಅಣ್ಣ ಪೋಸ್ಟ್‌ಮ್ಯಾನನ್ನು ಊರ ಮುಂದೆ ನಿಲ್ಲಿಸಿ, ಕಾಗದ ತಡಮಾಡಿ ಕೊಟ್ಟೆಯೆಂದು ಬಾಯಿಗೆ ಬಂದಂತೆ ಬೈದ. "ನಿನ್ ಮನೆ ಹಾಳಾಗ, ಒಬ್ರ ಬಾಳೇ ಕೆಡ್ಸ್ಬಿಟ್ಟಲ್ಲೋ!" ಆ ಮನುಷ್ಯ ತಲೆ ತಗ್ಗಿಸಿ ನಿಂತಿದ್ದರು, ಒಂದು ಮಾತೂ ಆಡಲಿಲ್ಲ. ನಾನು ಕಿಟಕಿಯ ಹಿಂದಿದ್ದೆ. ಹೊರಗೆ ಬಂದು ನಾನೇ ಎನ್ನಲು ಬಾಯಿ ಬರಲಿಲ್ಲ. ಅವರು ಯಾಕೆ ಸುಮ್ಮನಿದ್ದರು ಎಂದು ಯೋಚಿಸುವಷ್ಟು ಬುದ್ಧಿಯೂ ನನಗಿರಲಿಲ್ಲ, ಬಚಾವಾದೆ ಎಂದುಕೊಂಡೆ.

ಅತ್ತಿಗೆ ಆಮೇಲೆ ದೊಡ್ಡ ಕೂಟಕ್ಕೆ ಹೋಗಲಿಲ್ಲ. ಇಬ್ಬರು ಮಕ್ಕಳಾದರು, ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾದರು. ಸಂಜೆ ಐದಾರು ಹುಡುಗಿಯರನ್ನು ಸಾಲಾಗಿ ನಡೆಸುತ್ತ, ತಾವೇ ರಸ್ತೆಯಂಚಿಗೆ ಸೀರೆಯಲ್ಲೇ ಮಲಗಿ ಕಾಲು ನೋಡುತ್ತಿದ್ದರು. ಅವರಲ್ಲಿ ಇಬ್ಬರು ರಾಷ್ಟ್ರ ಮಟ್ಟಕ್ಕೆ ಹೋದರು. ಆ ರಸ್ತೆಯಲ್ಲಿ ಏರ್‌ಪೋರ್ಟಿನ ಕ್ಯಾಬುಗಳು ತುಂಬಿಕೊಂಡ ಮೇಲೆ ರಜೆಯ ದಿನ ಮಾಕಳಿದುರ್ಗದ ಬೆಟ್ಟದ ಬುಡಕ್ಕೆ ಕರೆದುಕೊಂಡು ಹೋಗುತ್ತಿದ್ದರು. ನನ್ನ ಮದುವೆಯಲ್ಲಿ ನನ್ನ ಜಡೆ ಹೆಣೆದದ್ದೂ ಅವರೇ. ಒಂದು ದಿನವೂ ನನ್ನ ಮೇಲೆ ದನಿ ಎತ್ತಲಿಲ್ಲ. ಒಂದು ಅಭ್ಯಾಸ ಮಾತ್ರ ಉಳಿದಿತ್ತು: ನನ್ನನ್ನು ಕಂಡಾಗಲೆಲ್ಲ, "ಪೋಸ್ಟ್ ಏನಾದ್ರೂ ಬಂತಾ?" ನಾನು ದೇವನಹಳ್ಳಿಗೆ ಸೊಸೆಯಾಗಿ ಹೋಗಿ, ವಿಜಯಪುರದ ಹೊಟೇಲೊಂದರ ಕೆಲಸಕ್ಕೆ ಸೇರಿದ ಮೇಲೂ ಫೋನಿನಲ್ಲಿ ಕೊನೆಗೆ ಅದೇ ಪ್ರಶ್ನೆ.

"ಯಾವ್ ಕಾಲ್ದಲ್ಲಿದ್ದೀರಾ ಅತ್ತಿಗೆ, ಈಗ ಯಾರ್ ಪೋಸ್ಟ್ ಹಾಕ್ತಾರೆ?" ಎಂದು ರೇಗಿಸುತ್ತಿದ್ದೆ. ನಗುತ್ತಿದ್ದರು.

ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಮೀರಿತ್ತು. ಆಸ್ಪತ್ರೆಯಲ್ಲಿ ಮಧ್ಯಾಹ್ನದ ಪಾಳಿ ನನ್ನದು. ಒಂದು ದಿನ ಹೊದಿಕೆ ಸರಿಸಿ ಕಾಲು ಒತ್ತುತ್ತಿದ್ದೆ. ಹೆಬ್ಬೆರಳಿನ ಉಗುರು ಈಗ ಬೆಳೆಯುತ್ತಿತ್ತು, ನಡಿಗೆ ನಿಂತಿತ್ತಲ್ಲ. ಅವರೂ ಅದನ್ನೇ ನೋಡುತ್ತಿದ್ದರು.

"ನನ್ ಕಾಲಿನ್ ವಿಷ್ಯದಲ್ಲಿ ನೀನು ಒಂದಿನಾನೂ ಸುಳ್ಳು ಹೇಳ್ಲಿಲ್ಲ ಕಣೇ," ಎಂದರು. ಆಮೇಲೆ ಕೇಳಿದರು: "ಪೋಸ್ಟ್ ಏನಾದ್ರೂ ಬಂತಾ?"

ಔಷಧಿಯ ಮಂಪರು ಎಂದುಕೊಂಡೆ. "ಇಲ್ಲ ಅತ್ತಿಗೆ, ಮಲಕ್ಕೊಳ್ಳಿ," ಎಂದೆ. ನನ್ನ ಮುಖ ನೋಡಿ, ಆಗಲಿ ಎಂಬಂತೆ ಕಣ್ಣು ಮುಚ್ಚಿದರು. ಆ ವಾರವೇ ಹೋಗಿಬಿಟ್ಟರು.

ಹನ್ನೊಂದನೇ ದಿನದ ಕಾರ್ಯಕ್ಕೆ ಆ ಪೋಸ್ಟ್‌ಮ್ಯಾನ್ ಬಂದಿದ್ದರು, ರಿಟೈರಾಗಿ ಹಲ್ಲೆಲ್ಲ ಬಿದ್ದಿದ್ದವು. ಊಟ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಇನ್ ಹೇಳಿದ್ರೆ ತಪ್ಪಿಲ್ಲ ಕಣಮ್ಮ. ಆ ಕಾಗ್ದ ಅವ್ರ ಕೈಗೆ ಸಿಕ್ಕಿದ್ ದಿನ, ಬೂತಿಂದ ಸೀದಾ ಪೋಸ್ಟಾಫೀಸ್ಗೆ ಬಂದ್ರು ನಿಮ್ಮತ್ಗೆ. ನಿನ್ ಸಹಿ, ತಾರೀಕು, ಎಲ್ಲಾ ನೋಡುದ್ರು. 'ಅಣ್ಣಾ, ನಿಮ್ ಕಾಲ್ ಹಿಡೀತೀನಿ, ಯಾರ್ಗೂ ಹೇಳ್ಬೇಡಿ. ಅದಿನ್ನೂ ಮಗು, ಮನೇಲಿ ಚರ್ಮ ಸುಲೀತಾರೆ' ಅಂದ್ರು. ಅದಕ್ಕೇ ನಿಮ್ಮಣ್ಣನ್ ಕೈಲಿ ಬೈಸ್ಕೊಂಡು ಸುಮ್ನಿದ್ದೆ."

ನಾನು ಜಗಲಿಯ ಮೇಲೆ ಕೂತೆ. ಅಂದು ಸಹಿ ಹಾಕಿದ್ದೂ ಅದೇ ಜಗಲಿಯಲ್ಲಿ. ಇಪ್ಪತ್ತು ವರ್ಷಕ್ಕೂ ಮೇಲೆ, ಕಂಡಾಗಲೆಲ್ಲ ಅವರು ಆ ಪ್ರಶ್ನೆಯಲ್ಲಿ ಬಾಗಿಲು ತೆಗೆದು ನಿಲ್ಲುತ್ತಿದ್ದರು, ನಾನು ನಗುತ್ತ ಮುಂದೆ ಹೋಗುತ್ತಿದ್ದೆ. ಬೈಯುವುದಕ್ಕೆ ಕೇಳಿದ್ದಲ್ಲ ಅದು. ನಾನು ಹೇಳಿ ಹಗುರಾಗಲಿ ಎಂದು ಕೇಳಿದ್ದು. ಈಗ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಆ ಮೋರಿಯ ಹತ್ತಿರ ಬಸ್ಸು ನಿಧಾನವಾಗುತ್ತದೆ. ಕಿಟಕಿಯಾಚೆ ನೋಡುತ್ತ ಬಾಯೊಳಗೇ ಹೇಳಿಕೊಳ್ಳುತ್ತೇನೆ: ಬಂದಿತ್ತು ಅತ್ತಿಗೆ. ಸೋಮವಾರವೇ ಬಂದಿತ್ತು.